ಚಾರ್ಲ್ಸ್ ಡಾಟರ್

ಚಾರ್ಲ್ಸ್ ಥಿಯೋಡೋರ್ ಡಾಟರ್ (ಜೂನ್ ೧೪, ೧೯೨೦ – ಫೆಬ್ರವರಿ ೧೫, ೧೯೮೫) ಅಮೆರಿಕದ ವಿಕಿರಣಶಾಸ್ತ್ರ ವೈದ್ಯರು. ಕಿರಿದಾದ ಅಥವಾ ಮುಚ್ಚಿಹೋದ ರಕ್ತನಾಳವನ್ನು ಶಸ್ತ್ರಚಿಕಿತ್ಸೆಯಿಲ್ಲದೆ, ಚರ್ಮದ ಸಣ್ಣ ರಂಧ್ರದ ಮೂಲಕ ಒಳಗಿನಿಂದಲೇ ಹಿಗ್ಗಿಸುವ ಆಂಜಿಯೋಪ್ಲಾಸ್ಟಿ ವಿಧಾನದ ಪ್ರವರ್ತಕರು. ಇಂದು ಹೃದಯ, ಕಾಲು ಮತ್ತು ಸೊಂಟದ ಭಾಗದ ರಕ್ತನಾಳಗಳಿಗೆ ಸ್ಟೆಂಟ್ ಅಳವಡಿಸುವ ಚಿಕಿತ್ಸೆಗಳ ಮೂಲ ಅವರ ಪ್ರಯೋಗಗಳಲ್ಲಿದೆ.

ಜನನ ಮತ್ತು ವೃತ್ತಿ

ಡಾಟರ್ ಬಾಸ್ಟನ್ ನಗರದಲ್ಲಿ ಜನಿಸಿದರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪದವಿಯನ್ನೂ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಶಿಕ್ಷಣವನ್ನೂ ಪಡೆದರು. ೧೯೫೨ರಲ್ಲಿ, ಕೇವಲ ೩೨ನೆಯ ವಯಸ್ಸಿನಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಆರೆಗಾನ್ ವೈದ್ಯಕೀಯ ಶಾಲೆಯ ವಿಕಿರಣಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಜೀವನದ ಕೊನೆಯವರೆಗೂ ಅಲ್ಲಿಯೇ ಇದ್ದರು. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ ಅವರಿಗಿತ್ತು. ಗಿಟಾರಿನ ತಂತಿಯಂತಹ ವಸ್ತುಗಳಿಂದಲೂ ಚಿಕಿತ್ಸಾ ಸಲಕರಣೆಗಳನ್ನು ಸ್ವತಃ ತಯಾರಿಸುತ್ತಿದ್ದರು.

ಮೊದಲ ಆಂಜಿಯೋಪ್ಲಾಸ್ಟಿ

೧೯೬೩ರಲ್ಲಿ ರೋಗಿಯೊಬ್ಬರ ಕ್ಷಕಿರಣ ಪರೀಕ್ಷೆ ನಡೆಸುವಾಗ, ಸೊಂಟದ ಭಾಗದಲ್ಲಿ ಮುಚ್ಚಿದ್ದ ಇಲಿಯಾಕ್ ಅಪಧಮನಿಯನ್ನು ಕ್ಯಾತಿಟರ್ ಆಕಸ್ಮಿಕವಾಗಿ ದಾಟಿ ದಾರಿ ಮಾಡಿತು. ಇನ್ನೊಬ್ಬರು ಇದನ್ನು ಆಕಸ್ಮಿಕವೆಂದು ಮರೆತುಬಿಡುತ್ತಿದ್ದರೇನೋ. ರೋಗ ಗುರುತಿಸುವ ಕೊಳವೆಯೇ ಚಿಕಿತ್ಸೆಯನ್ನೂ ನೀಡಬಲ್ಲದು ಎಂಬುದು ಡಾಟರ್ ಅವರಿಗೆ ಹೊಳೆಯಿತು.

೧೯೬೪ರ ಜನವರಿ ೧೬ರಂದು ಅವಕಾಶ ಒದಗಿತು. ೮೨ ವರ್ಷದ ವೃದ್ಧೆಯೊಬ್ಬರ ಪಾದ ರಕ್ತಸಂಚಾರವಿಲ್ಲದೆ ಕೊಳೆಯಲಾರಂಭಿಸಿತ್ತು. ಕಾಲನ್ನು ಕತ್ತರಿಸಬೇಕೆಂದು ಶಸ್ತ್ರವೈದ್ಯರು ಸೂಚಿಸಿದ್ದರೂ ಆಕೆ ಒಪ್ಪಿರಲಿಲ್ಲ. ಡಾಟರ್ ತೊಡೆಯ ಅಪಧಮನಿಯ ಕಿರಿದಾದ ಭಾಗದ ಮೂಲಕ ತಂತಿಯನ್ನು ತೂರಿಸಿ, ಅದರ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಟೆಫ್ಲಾನ್ ಕೊಳವೆಗಳನ್ನು ಜಾರಿಸಿ ನಾಳವನ್ನು ಹಿಗ್ಗಿಸಿದರು. ಕೆಲವೇ ನಿಮಿಷಗಳಲ್ಲಿ ಪಾದ ಬೆಚ್ಚಗಾಯಿತು. ಒಂದು ವಾರದಲ್ಲಿ ನೋವು ನಿಂತಿತು, ಕ್ರಮೇಣ ಹುಣ್ಣೂ ಮಾಯಿತು. ಆಕೆ ಸುಮಾರು ಎರಡೂವರೆ ವರ್ಷಗಳ ನಂತರ ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೂ ತಮ್ಮ ಎರಡು ಕಾಲುಗಳ ಮೇಲೆಯೇ ನಡೆದಾಡಿದರು. ಸಹೋದ್ಯೋಗಿ ಮೆಲ್ವಿನ್ ಜಡ್ಕಿನ್ಸ್ ಅವರೊಡನೆ ಡಾಟರ್ ಅದೇ ವರ್ಷ ಈ ವಿಧಾನದ ಕುರಿತು ಲೇಖನ ಪ್ರಕಟಿಸಿದರು.

ವಿರೋಧ ಮತ್ತು ಮನ್ನಣೆ

ಸ್ವದೇಶದಲ್ಲಿ ಅವರಿಗೆ ದೊರೆತದ್ದು ಹೆಚ್ಚಾಗಿ ಅಪನಂಬಿಕೆ. ಅನೇಕ ಶಸ್ತ್ರವೈದ್ಯರು ಅವರಿಗೆ ರೋಗಿಗಳನ್ನು ಕಳುಹಿಸುವಾಗ, ಚಿತ್ರ ತೆಗೆದರೆ ಸಾಕು, ಸರಿಪಡಿಸುವ ಗೋಜಿಗೆ ಹೋಗಬಾರದು ಎಂದು ತಿಳಿಸುತ್ತಿದ್ದರು. ಪತ್ರಿಕೆಯೊಂದರಲ್ಲಿ ಪ್ರಕಟವಾದ ಛಾಯಾಚಿತ್ರಗಳಿಂದಾಗಿ ಹುಚ್ಚು ಚಾರ್ಲಿ ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಯುರೋಪಿನ ವೈದ್ಯರು ಮಾತ್ರ ಈ ವಿಧಾನವನ್ನು ಅವರ ಹೆಸರಿನಿಂದಲೇ ಕರೆದು ಬೆಳೆಸಿದರು. ಅದನ್ನು ಕಲಿತ ಆಂಡ್ರಿಯಾಸ್ ಗ್ರೂಂಟ್ಸಿಗ್ ಕೊಳವೆಗಳ ಬದಲು ಬಲೂನನ್ನು ಬಳಸಿ, ೧೯೭೭ರಲ್ಲಿ ಜ್ಯೂರಿಕ್ ನಗರದಲ್ಲಿ ಹೃದಯದ ಅಪಧಮನಿಯನ್ನು ಹಿಗ್ಗಿಸಿದರು. ಅನಂತರವೇ ಅಮೆರಿಕ ಡಾಟರ್ ಅವರತ್ತ ತಿರುಗಿ ನೋಡಿತು. ೧೯೭೮ರಲ್ಲಿ ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಸೂಚಿತವಾಗಿತ್ತು.

ಸ್ಟೆಂಟ್ ಮತ್ತು ಸೊಂಟದ ಅಭಿಧಮನಿಗಳು

ಹಿಗ್ಗಿಸಿದ ನಾಳ ಮತ್ತೆ ಕುಗ್ಗದಂತೆ ಒಳಗೆ ಆಸರೆ ನೀಡಬೇಕೆಂದು ಡಾಟರ್ ಯೋಚಿಸಿದ್ದರು. ೧೯೬೯ರಲ್ಲಿ ನಾಯಿಗಳ ಕಾಲಿನ ಅಪಧಮನಿಯಲ್ಲಿ ಲೋಹದ ಸುರುಳಿಗಳನ್ನು ಇರಿಸಿದ ಪ್ರಯೋಗವನ್ನು ಪ್ರಕಟಿಸಿದರು. ೧೯೮೩ರಲ್ಲಿ ನಿಕಲ್–ಟೈಟೇನಿಯಂ ಮಿಶ್ರಲೋಹದ ಸುರುಳಿಗಳನ್ನೂ ಪರೀಕ್ಷಿಸಿದರು.

ಅವರ ಗಮನವಿದ್ದದ್ದು ಮುಖ್ಯವಾಗಿ ಅಪಧಮನಿಗಳ ಮೇಲೆ. ಆದರೆ ಆಸರೆಯ ಅಗತ್ಯ ಸೊಂಟದ ಅಭಿಧಮನಿಗಳಲ್ಲಿ ಇನ್ನೂ ಹೆಚ್ಚು. ಎಡಗಾಲಿನ ರಕ್ತವನ್ನು ಹೃದಯದತ್ತ ಒಯ್ಯುವ ಇಲಿಯಾಕ್ ಅಭಿಧಮನಿಯು ಬಲಭಾಗದ ಇಲಿಯಾಕ್ ಅಪಧಮನಿ ಮತ್ತು ಬೆನ್ನೆಲುಬಿನ ನಡುವೆ ಹಾದುಹೋಗುತ್ತದೆ. ಅಲ್ಲಿ ಅದು ಒತ್ತಲ್ಪಟ್ಟಾಗ ಕೆಲವರಲ್ಲಿ ಎಡಗಾಲು ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ೧೯೫೭ರಲ್ಲಿ ವಿವರಿಸಿದ ಮೇ ಮತ್ತು ಥರ್ನರ್ ಅವರ ಹೆಸರಿನಿಂದ ಈ ಸ್ಥಿತಿಯನ್ನು ಗುರುತಿಸುತ್ತಾರೆ. ಒತ್ತಡ ಹೊರಗಿನದಾದ್ದರಿಂದ ಬಲೂನಿನಿಂದ ಹಿಗ್ಗಿಸಿದರೂ ನಾಳ ಮತ್ತೆ ಚಪ್ಪಟೆಯಾಗುತ್ತದೆ. ಆದುದರಿಂದ ಸ್ಟೆಂಟ್ ಇರಿಸಲಾಗುತ್ತದೆ. ಯಾವ ತೊಂದರೆಯೂ ಇಲ್ಲದ ಅನೇಕರಲ್ಲಿಯೂ ಇಂತಹ ಒತ್ತಡ ಕಂಡುಬರುವುದರಿಂದ, ಚಿತ್ರದಲ್ಲಿ ಕಂಡ ಮಾತ್ರಕ್ಕೆ ಚಿಕಿತ್ಸೆ ಬೇಕಾಗುವುದಿಲ್ಲ.

ಕೊನೆಯ ದಿನಗಳು

ಡಾಟರ್ ಪರ್ವತಾರೋಹಿಯೂ ಆಗಿದ್ದರು. ಹಾಡ್ಜ್‌ಕಿನ್ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಗುರಿಯಾಗಿಯೂ ಈ ಹವ್ಯಾಸವನ್ನು ಬಿಡಲಿಲ್ಲ. ೧೯೮೫ರಲ್ಲಿ ನಿಧನರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಗ್ರೂಂಟ್ಸಿಗ್ ಕೂಡ ವಿಮಾನ ಅಪಘಾತದಲ್ಲಿ ಮೃತರಾದರು. ಪೋರ್ಟ್‌ಲ್ಯಾಂಡ್‌ನಲ್ಲಿ ೧೯೯೦ರಲ್ಲಿ ಸ್ಥಾಪನೆಯಾದ ಚಿಕಿತ್ಸಾ ಸಂಶೋಧನಾ ಸಂಸ್ಥೆಗೆ ಡಾಟರ್ ಅವರ ಹೆಸರನ್ನಿಡಲಾಗಿದೆ.