ಬ್ರೇಕಿಗೆ ಚರ್ಮ ಹೊಡೆಸಿದ ಬೆರ್ತಾ ಬೆಂಜ್

1849ರ ಮೇ 3ರಂದು ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ ಜನಿಸಿದ ಬೆರ್ತಾ, ಮದುವೆಗೆ ಮುನ್ನವೇ ತಮ್ಮ ವರದಕ್ಷಿಣೆಯ ಹಣ ಪಡೆದು ಭಾವೀ ಪತಿ ಕಾರ್ಲ್ ಬೆಂಜ್ ಅವರ ಕಾರ್ಖಾನೆಗೆ ಹಾಕಿದರು. ಅದು ಸಣ್ಣ ಧೈರ್ಯವಲ್ಲ. 1886ರಲ್ಲಿ ಕಾರ್ಲ್ ಅವರ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಸಿಕ್ಕಿತಾದರೂ ಕೊಳ್ಳಲು ಜನ ಮುಂದೆ ಬರಲಿಲ್ಲ.

1888ರ ಆಗಸ್ಟ್‌ನಲ್ಲಿ ಬೆರ್ತಾ, ಪತಿಗೆ ತಿಳಿಸದೆ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಸುಮಾರು 100 ಕಿ.ಮೀ. ದೂರದ ತವರಿಗೆ ಅದೇ ಗಾಡಿಯಲ್ಲಿ ಹೊರಟೇಬಿಟ್ಟರು. ಇಂಧನ ಸಿಕ್ಕಿದ್ದು ವೀಸ್ಲೋಖ್‌ನ ಔಷಧಿ ಅಂಗಡಿಯಲ್ಲಿ! ಕಟ್ಟಿಕೊಂಡ ಇಂಧನ ನಳಿಗೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದರು. ಏರಿನಲ್ಲಿ ಮಕ್ಕಳು ತಳ್ಳಿದರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಶೂ ಹೊಲಿಯುವವರಿಂದ ಅದಕ್ಕೆ ಚರ್ಮ ಹೊಡೆಸಿದರು. ಗ್ಯಾರೇಜಿನವರು ಇಂದು ಬಿಲ್ಲಿಗೆ ಸೇರಿಸುವ ಬ್ರೇಕ್ ಲೈನಿಂಗ್ ಹುಟ್ಟಿದ್ದು ಹೀಗೆ.

ಅವರ ಅನುಭವ ಕೇಳಿ ಕಾರ್ಲ್ ಏರುದಾರಿಗಾಗಿ ಇನ್ನೊಂದು ಗೇರನ್ನೂ ಸೇರಿಸಿದರು. 95 ತುಂಬಿದ ಎರಡೇ ದಿನಕ್ಕೆ, 1944ರ ಮೇ 5ರಂದು ಬೆರ್ತಾ ನಿಧನರಾದರು.