ಸೇತುವೆಯ ಬಳಿ ದಾರಿ ಬದಲಿಸಿದ ಸೆಜಾನ್

ಮಳೆಗಾಲ ಕಳೆದ ಮೇಲೆ ಸಕ್ರೆಬೈಲಿನ ಬಳಿ ತುಂಗೆಯ ಹಿನ್ನೀರನ್ನು ಕಂಡ ಶಿವಮೊಗ್ಗದವರಿಗೆ, ದಡದ ಹಸಿರನ್ನೂ ನೀರೊಳಗಿನ ಹಸಿರನ್ನೂ ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದು ಗೊತ್ತು. ಫ್ರಾನ್ಸಿನ ಕಲಾವಿದ ಪಾಲ್ ಸೆಜಾನ್ 1879-80ರ ಸುಮಾರಿಗೆ ಇಂಥದೇ ಒಂದು ನೋಟವನ್ನು ಕ್ಯಾನ್‌ವಾಸಿಗೆ ಇಳಿಸಿದ. ಈಗ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿರುವ ‘ಮ್ಯಾಂಸಿಯ ಸೇತುವೆ’ ಎಂಬ ಆ ಚಿತ್ರ ದೊಡ್ಡದೇನಲ್ಲ. ಅಗಲ ಮುಕ್ಕಾಲು ಮೀಟರನ್ನೂ ಮುಟ್ಟುವುದಿಲ್ಲ. ಆದರೆ ಇಂಪ್ರೆಷನಿಸಂನಿಂದ ಸೆಜಾನ್ ದೂರ ಸರಿದದ್ದನ್ನು ಇಷ್ಟು ಸ್ಪಷ್ಟವಾಗಿ ತೋರುವ ಕೃತಿಗಳು ಕಡಿಮೆ.

ಸೆಜಾನ್ ಹುಟ್ಟಿದ್ದು 1839ರ ಜನವರಿ 19ರಂದು, ದಕ್ಷಿಣ ಫ್ರಾನ್ಸಿನ ಎಕ್ಸ್ ಪಟ್ಟಣದಲ್ಲಿ. ಟೋಪಿ ವ್ಯಾಪಾರದಿಂದ ಬ್ಯಾಂಕ್ ಒಡೆತನಕ್ಕೇರಿದ ತಂದೆಗೆ ಮಗ ವಕೀಲನಾಗಬೇಕೆಂಬ ಹಟ. ಮಗ ಕಾನೂನು ಬಿಟ್ಟು 1861ರಲ್ಲಿ ಪ್ಯಾರಿಸ್ಸಿಗೆ ಹೋದ. ಬಾಲ್ಯದ ಗೆಳೆಯ, ಮುಂದೆ ಕಾದಂಬರಿಕಾರನಾಗಿ ಹೆಸರಾದ ಎಮಿಲಿ ಜೋಲಾನ ಒತ್ತಾಸೆ ಅದಕ್ಕೆ ಕಾರಣವಾಗಿತ್ತು. 1872ರ ನಂತರ ಹಿರಿಯ ಕಲಾವಿದ ಪಿಸಾರೊನ ಜೊತೆ ಬಯಲಲ್ಲಿ ಕುಳಿತು ಬೆಳಕನ್ನು ಹಿಡಿಯುವುದನ್ನು ಕಲಿತ. ಇಂಪ್ರೆಷನಿಸ್ಟರ 1874 ಮತ್ತು 1877ರ ಪ್ರದರ್ಶನಗಳಲ್ಲಿ ಅವನ ಚಿತ್ರಗಳೂ ಇದ್ದವು. ದೊರೆತದ್ದು ಬಹುಪಾಲು ಗೇಲಿ.

ಅದಕ್ಕಿಂತ ದೊಡ್ಡ ಸಂಕಟ ಮನೆಯಿಂದ ಬಂತು. ಒರ್ಟಾನ್ಸ್ ಫಿಕೆ ಎಂಬಾಕೆಯ ಜೊತೆ ಬಾಳುತ್ತಿದ್ದ ಸಂಗತಿಯನ್ನೂ 1872ರಲ್ಲಿ ಹುಟ್ಟಿದ ಮಗನನ್ನೂ ಆತ ತಂದೆಯಿಂದ ಮುಚ್ಚಿಟ್ಟಿದ್ದ. 1878ರಲ್ಲಿ ಚಿತ್ರಸಂಗ್ರಾಹಕ ಶೋಕೆ ಬರೆದ ಪತ್ರವೊಂದನ್ನು ತಂದೆಯೇ ಒಡೆದು ಓದಿದ. ಗುಟ್ಟು ಬಯಲಾಯಿತು, ತಿಂಗಳ ಹಣ ನೂರು ಫ್ರಾಂಕಿಗೆ ಇಳಿಯಿತು. ಮೂವತ್ತೊಂಬತ್ತರ ಗಂಡಸು, ಹೆಂಡತಿ ಎನ್ನಲಾಗದ ಹೆಂಡತಿ, ಕೈಯಲ್ಲಿ ಮಗು. ಆ ತಿಂಗಳುಗಳಲ್ಲಿ ಒರ್ಟಾನ್ಸ್‌ಗೆ ತಿಂಗಳಿಗೆ ಅರವತ್ತು ಫ್ರಾಂಕಿನಂತೆ ಕೊಟ್ಟು ಸಂಸಾರ ಉಳಿಸಿದವನು ಜೋಲಾ.

1879ರ ವಸಂತದಲ್ಲಿ ಸೆಜಾನ್ ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಮೆಲಾಂ ಪಟ್ಟಣಕ್ಕೆ ಬಂದು ಸುಮಾರು ಒಂದು ವರ್ಷ ನೆಲೆಸಿದ. ಆ ವರ್ಷದ ಇಂಪ್ರೆಷನಿಸ್ಟರ ಪ್ರದರ್ಶನಕ್ಕೆ ಚಿತ್ರ ಕಳಿಸದೆ, ಸರ್ಕಾರಿ ಸಲೂನಿನ ಬಾಗಿಲು ತಟ್ಟಿದ. ಅದೂ ತೆರೆಯಲಿಲ್ಲ. ಹೀಗೆ ಎರಡು ಕಡೆಯೂ ಸಲ್ಲದೆ ಉಳಿದ ದಿನಗಳಲ್ಲಿ ಪಕ್ಕದ ಮ್ಯಾಂಸಿ ಹಳ್ಳಿಯ ಸೇತುವೆ ಅವನಿಗೆ ವಸ್ತುವಾಯಿತು.

ಮೋನೆಯ ಕೈಯಲ್ಲಾಗಿದ್ದರೆ ಅಲ್ಲಿ ನೀರು ಮಿನುಗುತ್ತಿತ್ತು, ಗಂಟೆ ಎಷ್ಟೆಂದು ಹೇಳಬಹುದಿತ್ತು. ಸೆಜಾನ್‌ನ ನೀರು ಕದಲುವುದೇ ಇಲ್ಲ. ಆಕಾಶ ಕಾಣುವುದೂ ಬಹಳ ಕಡಿಮೆ. ಮರದ ಕಾಂಡಗಳು ಕಂಬಗಳಂತೆ ನಿಂತಿವೆ. ಸೇತುವೆಯ ಕಮಾನು ನೀರಿನಲ್ಲಿ ಮತ್ತೆ ಕಟ್ಟಿದಂತಿದೆ. ಎಲೆಗಳನ್ನು ಆತ ಎಲೆಗಳಾಗಿ ಬರೆಯದೆ, ಒಂದೇ ಓರೆಯಲ್ಲಿ ಪಕ್ಕಪಕ್ಕಕ್ಕೆ ಸಾಗುವ ಚಿಕ್ಕ ಕುಂಚದೆಳೆಗಳಿಂದ, ಗಾರೆ ಕೆಲಸದವನು ಇಟ್ಟಿಗೆ ಜೋಡಿಸಿದಂತೆ, ಹಸಿರನ್ನು ಕಟ್ಟಿದ್ದಾನೆ. ಮನುಷ್ಯರ ಸುಳಿವಿಲ್ಲ. ಕ್ಷಣದ ಬೆಳಕನ್ನು ಬಿಟ್ಟು ವಸ್ತುವಿನ ನಿಲುವನ್ನು ಹಿಡಿಯುವ ಈ ಕ್ರಮವೇ ಮುಂದೆ ಸೇಂಟ್ ವಿಕ್ಟೋರಿಯ ಬೆಟ್ಟದ ಚಿತ್ರಗಳವರೆಗೆ ಬೆಳೆಯಿತು. ಗೆಳೆಯರಿಂದ ದೂರವಾದದ್ದು ಅವನ ಬದುಕಿಗೆ ಕಷ್ಟವಾಗಿದ್ದರೂ ಕುಂಚಕ್ಕೆ ಒಳ್ಳೆಯದೇ ಆಯಿತೆನ್ನಬೇಕು.

ಸಲೂನಿನಲ್ಲಿ ಆತನಿಗೆ ಪ್ರವೇಶ ಸಿಕ್ಕಿದ್ದು 1882ರಲ್ಲಿ, ಒಮ್ಮೆ ಮಾತ್ರ. 1886ರಲ್ಲಿ ಒರ್ಟಾನ್ಸ್ ಜೊತೆ ಮದುವೆ, ಅದೇ ವರ್ಷ ತಂದೆಯ ಸಾವು, ಕೈಗೆ ಬಂದ ಆಸ್ತಿ. ಆ ವರ್ಷವೇ ಜೋಲಾ ಸೋತ ಕಲಾವಿದನೊಬ್ಬನ ಕಾದಂಬರಿಯನ್ನು ಪ್ರಕಟಿಸಿದ. ಅದರಿಂದ ಸ್ನೇಹ ಕಡಿಯಿತೆಂದು ಬಹುಕಾಲ ನಂಬಲಾಗಿತ್ತು. 1887ರ ಪತ್ರವೊಂದು ಇತ್ತೀಚೆಗೆ ಬೆಳಕಿಗೆ ಬಂದ ಮೇಲೆ ಆ ಕಥೆ ಅಷ್ಟು ಸರಳವಲ್ಲವೆಂದು ತಿಳಿದಿದೆ. ಪ್ಯಾರಿಸ್ಸಿನಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ (1895) ಆತನಿಗೆ ಐವತ್ತಾರು ವರ್ಷ.

1906ರ ಅಕ್ಟೋಬರ್‌ನಲ್ಲಿ ಬಯಲಲ್ಲಿ ಚಿತ್ರ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದ. ಬಟ್ಟೆ ಒಗೆಯುವವರ ಗಾಡಿಯಲ್ಲಿ ಮನೆಗೆ ತಂದರು. ಮರುದಿನ ಎದ್ದು, ತೋಟದ ಆಳಿನ ಭಾವಚಿತ್ರವನ್ನು ಮುಂದುವರಿಸಲು ಹೋದ. ಒಂದು ವಾರದಲ್ಲಿ ತೀರಿಕೊಂಡ.