ಕಿಟ್ಟೆಲ್ ಪಂಡಿತರೂ ಇಬ್ರಿಯ ಭಾಷೆಯೂ

ಮೈಸೂರಿನಲ್ಲಿರುವ ನಜರ್‌ಬಾದೆಂಬ ಪೇಟೆಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರುವರು. 1787ರ ಸುಮಾರಿಗೆ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಮೂಡಣ ದಿಕ್ಕಿನ ದಿಣ್ಣೆಗೆ ಸಾಗಿಸಿ, ಅಲ್ಲಿ ಹೊಸ ಕೋಟೆಯನ್ನು ಕಟ್ಟಿಸಲಾರಂಭಿಸಿ, ಅದಕ್ಕೆ ಈ ಹೆಸರನ್ನಿಟ್ಟನು. 1799ರಲ್ಲಿ ಅವನು ಮಡಿದ ಮೇಲೆ ಆ ಕಲ್ಲುಗಳು ಮೈಸೂರಿನ ಕೋಟೆಗೇ ಹಿಂದಿರುಗಿದವು. ಕಲ್ಲು ಹೋಯಿತು, ಹೆಸರು ಉಳಿಯಿತು. ನಜರ್ ಎಂಬದು ಅರಬೀ ಮಾತು. ನೋಟವೆಂದು ಅದರ ಅರ್ಥ. ಇಬ್ರಿಯ ಭಾಷೆಯಲ್ಲಿ ಇದಕ್ಕೆ ಒಡಹುಟ್ಟಿದ ನಾಸರ್ ಎಂಬ ಮಾತುಂಟು. ಕಣ್ಣಿಟ್ಟು ಕಾಯುವುದೆಂದು ಅದರ ಅರ್ಥ. ದೇವರು ತನ್ನವರನ್ನು ಕಾಯುತ್ತಾನೆಂದು ಕೀರ್ತನೆಗಾರರು ಹಾಡುವಾಗ ಈ ಮಾತನ್ನು ಹಲವು ಸಾರಿ ಪ್ರಯೋಗಿಸಿದ್ದಾರೆ. ಹೀಗಿರಲಾಗಿ, ಸಂತೆಗೋ ಕಚೇರಿಗೋ ನಜರ್‌ಬಾದಿಗೆ ಹೋಗಿಬರುವ ರೈತನ ಬಾಯಲ್ಲಿ ದಾವೀದನ ಭಾಷೆಯ ನೆಂಟನೊಬ್ಬನು ಕೂತಿದ್ದಾನೆ. ಆದರೆ ಅದು ಅವನಿಗೆ ತಿಳಿಯದು.

ಈಗಿನ ಕಾಲದಲ್ಲಿ ಕೆಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯು ಒಂದು ಮುಖ್ಯ ವಿಷಯವನ್ನು ಓದುತ್ತಾ, ಅದರ ಜೊತೆಗೆ ಇಸ್ರಾಯೇಲ್ ದೇಶದ ಚರಿತ್ರೆ, ಅಲ್ಲಿಯ ಜನರ ಸಂಸ್ಕೃತಿ, ಇಬ್ರಿಯ ಭಾಷೆ ಇವುಗಳನ್ನು ಉಪವಿಷಯವಾಗಿ ಓದಬಹುದು. ಇಂಥ ಓದಿನಿಂದ ಅನ್ನ ಹುಟ್ಟೀತೇ ಎಂದು ತಂದೆತಾಯಿಗಳು ಕೇಳುವುದು ಸಹಜವೇ. ಸಂಬಳ ಕಟ್ಟುವವರು ಅವರಲ್ಲವೇ? ನಾವು ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಾರೆವು. ತನ್ನ ಯೌವನದಲ್ಲಿ ಇಬ್ರಿಯವನ್ನು ಕಲಿತು, ಬಳಿಕ ಕನ್ನಡಕ್ಕೆ ತನ್ನ ಆಯುಷ್ಯವನ್ನೇ ಕೊಟ್ಟ ಒಬ್ಬರ ಜೀವಿತವನ್ನು ಮಾತ್ರ ಹೇಳುವೆವು.

ಫೆರ್ಡಿನಾಂಡ್ ಕಿಟ್ಟೆಲ್‌ರವರು 1832ನೆಯ ಇಸವಿ ಏಪ್ರಿಲ್ 7ರಲ್ಲಿ ಜರ್ಮನಿ ದೇಶದ ಉತ್ತರ ಸಮುದ್ರತೀರದ ಪ್ರಾಂತದೊಳಗೆ ರೆಸ್ಟರ್‌ಹಾಫೆ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕರು. 1850ರಲ್ಲಿ ಅವರು ಬಾಸೆಲ್ ಮಿಶನಿನವರ ವಿದ್ಯಾಶಾಲೆಯನ್ನು ಸೇರಿದರು. ಅದು ವಿಶ್ವವಿದ್ಯಾಲಯವಲ್ಲ, ಕಸಬಿನವರ ಮಕ್ಕಳೂ ಒಕ್ಕಲಿಗರ ಮಕ್ಕಳೂ ಬಂದು ಬೋಧಕರಾಗಲು ಕಲಿಯುತ್ತಿದ್ದ ಮನೆ. ಭಾರತಕ್ಕೆ ಬರುವುದಕ್ಕೆ ಮುಂಚೆಯೇ ಲತೀನು, ಗ್ರೀಕು, ಇಬ್ರಿಯ, ಫ್ರೆಂಚ್, ಇಂಗ್ಲಿಷು ಇವೆಲ್ಲಾ ಅವರಿಗೆ ಪರಿಚಯವಾಗಿದ್ದವು.

ಇಬ್ರಿಯವನ್ನು ಕಲಿಯುವವನಿಗೆ ಮೊದಲನೆಯ ಪಾಠವೇನಂದರೆ, ಮಾತಿನ ಧಾತುವನ್ನು ಹುಡುಕುವುದು. ಮುಂದೆ ಹಿಂದೆ ಅಂಟಿಕೊಂಡಿರುವ ಅಕ್ಷರಗಳನ್ನು ಕಳಚುತ್ತಾ ಹೋದರೆ ಸಾಮಾನ್ಯವಾಗಿ ಮೂರು ವ್ಯಂಜನಗಳು ಉಳಿಯುವವು. ಅದನ್ನು ಕಂಡುಕೊಳ್ಳದವನು ಇಬ್ರಿಯ ನಿಘಂಟನ್ನು ತೆರೆದರೂ ಕುರುಡನೇ. ಕನ್ನಡದ ಕಟ್ಟು ಬೇರೆ. ಆದರೂ ಮಾತನ್ನು ಬಿಡಿಸಿ ಬೇರನ್ನು ನೋಡುವ ಆ ಅಭ್ಯಾಸವು ಕಿಟ್ಟೆಲ್‌ರವರನ್ನು ಬಿಡಲಿಲ್ಲವೆಂದು ನಮಗೆ ತೋರುತ್ತದೆ.

1853ರಲ್ಲಿ ಅವರು ಈ ದೇಶಕ್ಕೆ ಬಂದರು. ಕನ್ನಡಿಗರಿಗೆ ಬೋಧಿಸಬೇಕಾದವನು ಕನ್ನಡಿಗರೊಳಗೆ ಕನ್ನಡಿಗನಂತೆ ಬಾಳಬೇಕೆಂಬದು ಅವರ ನಿಶ್ಚಯ. ಹಿರಿಯರಿಗೆ ಇದು ಸರಿಬೀಳಲಿಲ್ಲ. ಹಳೆಯ ಓಲೆಗಳ ಮುಂದೆ ಪಂಡಿತರೊಂದಿಗೆ ಕೂತಿರುವ ಹೊತ್ತು ಸುವಾರ್ತೆ ಸಾರುವ ಕೆಲಸದಿಂದ ಕದ್ದ ಹೊತ್ತೆಂದು ಜೊತೆಗಾರರಲ್ಲಿ ಕೆಲವರು ಎಣಿಸಿದರು. ನಾವು ಆ ಹಿರಿಯರನ್ನು ಪೂರ್ತಿಯಾಗಿ ದೂಷಿಸಲಾರೆವು. ಸಭೆಗಳು ಹೆಚ್ಚು, ಆಳುಗಳು ಕಡಿಮೆ ಎಂಬ ಸಂಕಟ ನಮ್ಮ ಹಳ್ಳಿಗಳಿಗೂ ಗೊತ್ತಿದೆ. ಆದರೆ ಕಿಟ್ಟೆಲ್‌ರವರಿಗೆ ಅದು ದೊಡ್ಡ ನೋವಾಯಿತು. ತಮ್ಮವರ ನಡುವೆಯೇ ಅವರು ಹೊರಗಿನವರಂತೆ ಇರಬೇಕಾಯಿತು. ಇದರ ಮೇಲೆ 1864ರಲ್ಲಿ ಅವರ ಪತ್ನಿ ಪೌಲೀನರು ತೀರಿಹೋದರು. 1867ರಲ್ಲಿ ಆಕೆಯ ತಂಗಿ ಯೂಲಿಯರನ್ನು ಅವರು ವಿವಾಹವಾದರು.

ಮಂಗಳೂರಲ್ಲಿಯೂ ಮಡಿಕೇರಿಯಲ್ಲಿಯೂ ಅವರು ಓದುವುದನ್ನು ನಿಲ್ಲಿಸಲಿಲ್ಲ. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಹೊರಡಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅಚ್ಚು ಮಾಡಿಸಿದರು. ಯಜ್ಞದ ವಿಷಯವಾಗಿಯೂ ಒಂದು ಗ್ರಂಥ ಬರೆದರು. ಯಾಜಕಕಾಂಡವನ್ನು ಓದಿದವನೇ ವೇದಗಳ ಹೋಮಕುಂಡದ ಬಳಿಯಲ್ಲಿಯೂ ನಿಂತು ವಿಚಾರಿಸಿದನು. ಒಂದು ಜನಾಂಗದ ಚರಿತ್ರೆಯನ್ನೂ ಆಚಾರವನ್ನೂ ಅವರ ಭಾಷೆಯಿಂದಲೇ ತಿಳಿಯಬೇಕೆಂಬ ಕ್ರಮವನ್ನು ಅವರು ಇಸ್ರಾಯೇಲ್ಯರಿಗೂ ನಮಗೂ ಒಂದೇ ಸಮನಾಗಿ ಅನ್ವಯಿಸಿದರು.

ಇಲ್ಲಿ ವಾಚಕರಿಗೆ ಒಂದು ಸಂಗತಿಯನ್ನು ತಿಳಿಸದೆ ಮುಂದೆ ಹೋಗಲಾರೆವು. ಸೊಲೊಮೋನನ ಹಡಗುಗಳು ಬಂಗಾರ, ಬೆಳ್ಳಿ, ದಂತಗಳೊಡನೆ ಕೋತಿಗಳನ್ನೂ ನವಿಲುಗಳನ್ನೂ ತಂದವೆಂದು ಅರಸುಗಳ ಮೊದಲನೆಯ ಪುಸ್ತಕದ 10ನೆಯ ಅಧ್ಯಾಯದಲ್ಲಿದೆ. ನವಿಲಿಗೆ ಅಲ್ಲಿರುವ ಇಬ್ರಿಯ ಹೆಸರು ತುಕ್ಕಿ. ಇದು ತಮಿಳಿನ ತೋಕೈ, ನಮ್ಮ ತೋಕೆ ಎಂಬ ಮಾತಿನಿಂದ ಹೋದದ್ದೆಂದು ತಿರುನೆಲ್ವೇಲಿ ಸೀಮೆಯ ಕಾಲ್ಡ್‌ವೆಲ್‌ರವರು 1856ರ ತಮ್ಮ ದ್ರಾವಿಡ ವ್ಯಾಕರಣದಲ್ಲಿ ವಾದಿಸಿದರು. ಕೋತಿಯ ಹೆಸರಾದ ಕೋಫ್ ಎಂಬದನ್ನು ಸಂಸ್ಕೃತದ ಕಪಿಗೆ ಹೋಲಿಸುವವರೂ ಉಂಟು. ಒಪ್ಪದ ಪಂಡಿತರೂ ಇದ್ದಾರೆ. ಹೇಗೂ, ನಮ್ಮ ಕಾಡಿನ ನವಿಲು ತನ್ನ ಹೆಸರನ್ನು ಬಾಲದಲ್ಲಿ ಕಟ್ಟಿಕೊಂಡು ಯೆರೂಸಲೇಮಿಗೆ ಹೋಯಿತೆಂದು ನೆನಸಿದರೆ ನಮಗೆ ನಗೆಯೂ ಬರುತ್ತದೆ, ಹಿಗ್ಗೂ ಆಗುತ್ತದೆ. ಕಿಟ್ಟೆಲ್‌ರವರು ಇದೇ ಬಗೆಯ ವಿಚಾರವನ್ನು ಸಂಸ್ಕೃತದ ಕಡೆಗೆ ತಿರುಗಿಸಿ, ದ್ರಾವಿಡ ಭಾಷೆಗಳಿಂದ ಸಂಸ್ಕೃತವು ತೆಗೆದುಕೊಂಡಿರಬಹುದಾದ ಮಾತುಗಳ ದೊಡ್ಡ ಪಟ್ಟಿಯನ್ನು ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಕೊಟ್ಟರು. ಕನ್ನಡವು ಬರೇ ಸಾಲಗಾರ್ತಿಯಲ್ಲ, ಸಾಲ ಕೊಟ್ಟವಳೂ ಹೌದೆಂದು ಆ ಪಟ್ಟಿಯಿಂದ ತೋರಿತು.

ಆ ನಿಘಂಟಿನ ಕೆಲಸವು ಇಪ್ಪತ್ತು ವರುಷಕ್ಕೆ ಮೇಲ್ಪಟ್ಟು ನಡೆಯಿತು. 1877ರಲ್ಲಿ ಸ್ವದೇಶಕ್ಕೆ ಹೋದವರು ಅದರ ನಿಮಿತ್ತ ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು 1883ರಲ್ಲಿ ಪುನಃ ಬಂದರು. 1892ರ ವರೆಗೂ ಇಲ್ಲಿಯೇ ದುಡಿದರು. ಹಳಗನ್ನಡ ಕಾವ್ಯದ ಮಾತು, ಹೊಲದ ಮಾತು, ಅಡಿಗೆಮನೆಯ ಮಾತು, ಗಾದೆ, ಹಿಂದೂಸ್ಥಾನಿಯಿಂದಲೂ ಮರಾಠಿಯಿಂದಲೂ ಬಂದ ಮಾತು, ಎಲ್ಲವನ್ನೂ ಕೂಡಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನಿನವರು ಸುಮಾರು 70,000 ಶಬ್ದಗಳ ಆ ಗ್ರಂಥವನ್ನು ಪ್ರಕಟಿಸಿದರು. ಓದಿಗಾಗಿ ಹೊತ್ತು ಕಳೆಯುತ್ತಾರೆಂದು ಯಾವ ಮಿಶನಿನಲ್ಲಿ ಗೊಣಗಾಟವಾಯಿತೋ ಆ ಮಿಶನಿನ ಹೆಸರೇ ಈ ಪುಸ್ತಕದಿಂದ ಪಂಡಿತರ ಮನೆಗಳಿಗೆ ಹೋಯಿತು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಅವರಿಗೆ ಡಾಕ್ಟರ್ ಎಂಬ ಗೌರವಪದವಿಯನ್ನು ಕೊಟ್ಟರು. ಅವರು ಆಗ ಅದೇ ಊರಲ್ಲಿ ವಾಸವಾಗಿದ್ದರು. ಮುಪ್ಪಿನಲ್ಲಿಯೂ ಕನ್ನಡ ವ್ಯಾಕರಣವೊಂದನ್ನು ಬರೆಯುತ್ತಾ ಇದ್ದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರುಷದ ದಶಂಬರ 18ರಲ್ಲಿ ಕಿಟ್ಟೆಲ್‌ರವರು ಟ್ಯೂಬಿಂಗನ್ನಿನಲ್ಲಿ ನಿದ್ರೆಹೋದರು.